ಅಪ್ಪಾಜಿಯ ರೈಲಿಗೆ ಹೊಗೆ ಬಂದ ಬೇಸಿಗೆ

ಆಗೆಲ್ಲ ಜಗಳೂರಿನ ಮಕ್ಕಳಿಗೆ ರೈಲೆಂದರೆ ಕೇಳಿ ಗೊತ್ತೇ ಹೊರತು ನೋಡಿ ಗೊತ್ತಿರಲಿಲ್ಲ. ಒಬ್ಬರ ಲಂಗವನ್ನು ಇನ್ನೊಬ್ಬರು ಹಿಡಿದುಕೊಂಡು, ಬಾಯಲ್ಲಿ ಚುಕುಬುಕು ಎನ್ನುತ್ತ ಬೀದಿಯುದ್ದಕ್ಕೂ ಓಡುವುದೇ ನಮ್ಮ ರೈಲು. ನಾನು ಮಾತ್ರ ನಿಜವಾದದ್ದನ್ನು ನೋಡಿದ್ದೆ. ಅವ್ವನ ತವರು ಚನ್ನಗಿರಿ. ಅಲ್ಲಿಗೆ ಹೋಗಬೇಕಾದರೆ ದಾವಣಗೆರೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಒಮ್ಮೆ ಅಲ್ಲಿ ರೈಲ್ವೆ ಗೇಟು ಹಾಕಿದ್ದಾಗ ಕರಿಯ ಇಂಜಿನ್ನು ನಮ್ಮ ಮುಂದೆಯೇ ಬುಸುಗುಟ್ಟುತ್ತ ಹೋಯಿತು. ಕಾಲ ಕೆಳಗಿನ ನೆಲ ಅದುರಿತು. ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣ ಬಿಟ್ಟು ಅವ್ವನ ಸೆರಗಿನೊಳಗೆ ಮುಖ ಹುದುಗಿಸಿದೆ. ಅವತ್ತಿನಿಂದ ಉಗಿಯ ಸದ್ದೆಂದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಅಂಥ ನನ್ನ ಮನೆಯ ಹಿತ್ತಲಿಗೇ ರೈಲು ಬಂತು.

ಅಪ್ಪಾಜಿ ಊರಿನ ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರು. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಮುಂದೆ ಉಗಿಬಂಡಿ ಓಡಿಸಿ ತೋರಿಸಬೇಕೆಂದು ಅವರಿಗೆ ಹಟ ಹತ್ತಿತು. ಹಳೆಯ ಸ್ಟೌವಿನ ಹಿತ್ತಾಳೆ ಟ್ಯಾಂಕನ್ನು ಬಾಯ್ಲರ್ ಮಾಡಿದರು. ತಗಡು ಬಾಗಿಸಿ ಚಿಮಣಿ ಮಾಡಿ ಬೆಸುಗೆ ಹಾಕಿದರು. ಕೆಳಗೆ ಸ್ಪಿರಿಟ್ ದೀಪ. ಮೇಲೆ, ಚಿಮಣಿಯ ಪಕ್ಕದಲ್ಲಿ, ಸ್ಪ್ರಿಂಗು ಕೂರಿಸಿದ ಒಂದು ಸಣ್ಣ ಬಿರಡೆ. ಒಳಗೆ ಉಗಿ ಹೆಚ್ಚಾದರೆ ಅದು ತಾನಾಗಿ ಎದ್ದು ಹೊರಗೆ ಬಿಡುತ್ತದೆ, ಹೆದರಬ್ಯಾಡ ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ನಾನು ಹೆದರುತ್ತಲೇ ಇದ್ದೆ. ಹಿತ್ತಲಲ್ಲಿ ಕಬ್ಬಿಣದ ಪಟ್ಟಿಗಳನ್ನು ದುಂಡಗೆ ಹಾಸಿ ಅದನ್ನು ಓಡಿಸುವಾಗ ನನ್ನ ತಮ್ಮ ರುದ್ರೇಶ ಹಿಂದೆಯೇ ಅಂಬೆಗಾಲಿಡುವವನ ಹಾಗೆ ಬಗ್ಗಿಕೊಂಡು ಹೋಗುತ್ತಿದ್ದ. ನಾನು ಬಚ್ಚಲಮನೆಯ ಬಾಗಿಲಲ್ಲಿ ನಿಂತು ಬರೀ ಸದ್ದು ಕೇಳುತ್ತಿದ್ದೆ. ಕೇಳಿ ಕೇಳಿ ಅದರ ಉಸಿರು ನನಗೆ ಬಾಯಿಪಾಠವಾಗಿ ಹೋಗಿತ್ತು.

ಬಂಡಿಯೇನೋ ಓಡಿತು. ಹೊಗೆ ಮಾತ್ರ ಬರಲಿಲ್ಲ. ಸ್ಪಿರಿಟ್ಟು ಉರಿದರೆ ಹೊಗೆಯಿಲ್ಲ. ಶಿವರಾತ್ರಿ ಕಳೆದ ಮೇಲೆ ಜಗಳೂರಿನ ಗಾಳಿ ಎಷ್ಟು ಒಣಗಿರುತ್ತಿತ್ತೆಂದರೆ, ಚಿಮಣಿಯಿಂದ ಹೊರಬಂದ ಉಗಿ ಕಣ್ಣಿಗೆ ಕಾಣುವ ಮೊದಲೇ ಮಾಯವಾಗುತ್ತಿತ್ತು. ಹೊಗೆಯಿಲ್ಲದ ರೈಲನ್ನು ಯಾವ ಹುಡುಗ ನಂಬುತ್ತಾನೆ ಎಂದು ಅಪ್ಪಾಜಿ ಊಟದ ಮುಂದೆ ಕೂತರೂ ಅದನ್ನೇ ಹೇಳುತ್ತಿದ್ದರು.

ಮೊದಲು ಚಿಮಣಿಯೊಳಗೆ ಸಾಂಬ್ರಾಣಿ ಹಾಕಿದರು. ಹಿತ್ತಲು ದೇವರ ಕೋಣೆಯ ಹಾಗೆ ಘಮಗುಟ್ಟಿತು, ಬಂಡಿ ಬೂದಿ ಕಟ್ಟಿಕೊಂಡು ನಿಂತಿತು. ಆಮೇಲೆ ಒದ್ದೆ ತೆಂಗಿನ ನಾರು. ಅದರ ಹೊಗೆ ಎಲ್ಲರ ಕಣ್ಣಿಗೆ ಹೋಯಿತು, ಮೇಲಕ್ಕೆ ಹೋಗಲಿಲ್ಲ. ಕೊನೆಗೆ ಚಿಮಣಿಯ ಬುಡದಲ್ಲಿ ಒಂದು ತಾಮ್ರದ ಬಟ್ಟಲಿಟ್ಟು, ಅದಕ್ಕೆ ಅಡುಗೆಮನೆಯ ಶೇಂಗಾ ಎಣ್ಣೆ ಬಿಟ್ಟರು. ಎಣ್ಣೆ ಕಾದು ಹೊಗೆಯಾಗುವುದು, ಉಗಿ ಅದನ್ನು ಕೆಳಗಿನಿಂದ ಒದ್ದು ಮೇಲಕ್ಕೆ ಕಳಿಸುವುದು. ದಪ್ಪನೆಯ ಬಿಳಿ ಹೊಗೆ ಗುಪ್ ಗುಪ್ ಎಂದು ಎದ್ದಿತು. ಬಜ್ಜಿ ಕರಿಯುತ್ತಿದ್ದಾರೆಂದು ಪಕ್ಕದ ಮನೆಯ ಮಕ್ಕಳೆಲ್ಲ ಓಡಿ ಬಂದರು. ಅಪ್ಪಾಜಿಯ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡಿರಲಿಲ್ಲ. ಹೊಗೆ ಇನ್ನೂ ದಪ್ಪಗಾಗಲಿ ಎಂದು ದಿನವೂ ಎಣ್ಣೆ ಹೆಚ್ಚಿಸುತ್ತ ಹೋದರು.

ವಾರ್ಷಿಕೋತ್ಸವಕ್ಕೆ ಮುಂಚಿನ ಭಾನುವಾರ ಹಿತ್ತಲ ತುಂಬ ಮಕ್ಕಳಿದ್ದರು. ಬಂಡಿ ಕೆಲವು ಸುತ್ತು ಹೊಡೆದು ಹೊಗೆ ಕಾರಿತು. ಆಮೇಲೆ ಹೊಗೆ ಸಣ್ಣಗಾಯಿತು. ಬಂಡಿ ನಿಂತಿತು. ಕೆಳಗೆ ದೀಪ ಮಾತ್ರ ಉರಿಯುತ್ತಿತ್ತು. ನಿಂತಾಗಲೆಲ್ಲ ಬಿರಡೆ ಎದ್ದು ಸುಂಯ್ ಎನ್ನುವುದು ರೂಢಿ. ಅವತ್ತು ಎನ್ನಲಿಲ್ಲ. ಕಾದೆ. ಮತ್ತೂ ಎನ್ನಲಿಲ್ಲ. ಏನಾಯಿತೆಂದು ನೋಡಲು ರುದ್ರೇಶ ಬಗ್ಗಿ ಬಾಯ್ಲರಿನ ಹತ್ತಿರ ಮುಖ ತಂದಿದ್ದ.

ಕೂಗಬೇಕೆಂದು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅವ್ವನ ಸೆರಗು ಎಳೆದೆ. ಅವ್ವ ತಿರುಗಿ ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ. ಮೊರ ಬಿಟ್ಟು ಎದ್ದವಳೇ ರುದ್ರೇಶನನ್ನು ರಟ್ಟೆ ಹಿಡಿದು ಎಳೆದುಕೊಂಡಳು. ಉಳಿದ ಮಕ್ಕಳನ್ನೆಲ್ಲ ಬಚ್ಚಲಮನೆಯ ಗೋಡೆಯ ಹಿಂದಕ್ಕೆ ಅಟ್ಟಿದಳು.

ಅಪ್ಪಾಜಿಗೆ ರೇಗಿತು. ಎಣ್ಣೆ ಕಟ್ಕಂಡೈತೆ ಅಷ್ಟೆ, ಬಿಚ್ಚಿದ್ರೆ ಸರಿ ಹೋಗ್ತೈತೆ ಎನ್ನುತ್ತ ಇಕ್ಕಳ ಹಿಡಿದು ಬಂಡಿಯ ಕಡೆಗೆ ಬಗ್ಗಿದರು.

"ಮುಟ್ಟಬ್ಯಾಡ್ರಿ," ಎಂದಳು ಅವ್ವ. "ಮೊದ್ಲು ಮಗಳ ಮುಖ ನೋಡ್ರಿ."

ಅಪ್ಪಾಜಿ ನನ್ನನ್ನು ನೋಡಿದರು. ಆಮೇಲೆ ಬಿರಡೆಯನ್ನು ನೋಡಿದರು. ಚಿಮಣಿಯಿಂದ ಸಿಡಿದ ಎಣ್ಣೆ ಅದರ ಮೇಲೆ ಬಿದ್ದು ಬಿದ್ದು, ಕಾದು, ಕಂದು ಅಂಟಾಗಿ ಸ್ಪ್ರಿಂಗನ್ನು ಮುಚ್ಚಿಬಿಟ್ಟಿತ್ತು. ಅಪ್ಪಾಜಿಯ ಮುಖದ ಬಣ್ಣ ಇಳಿಯಿತು. ಅಪ್ಪಾಜಿಯೂ ಹೆದರುತ್ತಾರೆ ಎಂದು ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ. ಬಾಯ್ಲರು ಒಡೆಯುವುದಕ್ಕಿಂತ ಅದೇ ದೊಡ್ಡ ದಿಗಿಲು.

ಅವರು ಇಕ್ಕಳ ಕೆಳಗಿಟ್ಟು, ಬಟ್ಟೆ ಒಣಹಾಕುವ ಉದ್ದನೆಯ ಬಿದಿರಿನ ಗಳು ತಂದು, ದೂರದಿಂದಲೇ ದೀಪವನ್ನು ಹೊರಕ್ಕೆ ಎಳೆದರು. ದೀಪ ಮಗುಚಿತು. ಚೆಲ್ಲಿದ ಸ್ಪಿರಿಟ್ಟಿಗೆ ಬೆಂಕಿ ಹತ್ತಿದ್ದು ಬಿಸಿಲಲ್ಲಿ ಕಾಣಲೇ ಇಲ್ಲ, ನೆಲದ ಮೇಲಿನ ಹುಲ್ಲುಕಡ್ಡಿ ಸುಮ್ಮನೆ ಮುರುಟಿದ್ದು ಕಂಡಿತು. ಅವ್ವ ಬೊಗಸೆ ಬೊಗಸೆ ಮಣ್ಣು ಎರಚಿದಳು. ಆಮೇಲೆ ಎಲ್ಲರೂ ಗೋಡೆಯ ಹಿಂದೆ ಕೂತೆವು.

ಅಷ್ಟು ಉದ್ದದ ಮೌನವನ್ನು ನಾನು ಮತ್ತೆ ಕೇಳಿಲ್ಲ. ಬೇವಿನ ಮರದಲ್ಲಿ ಕಾಗೆಯೊಂದು ರೆಕ್ಕೆ ಬಡಿದರೂ ಎಲ್ಲರೂ ತಲೆ ತಗ್ಗಿಸುತ್ತಿದ್ದೆವು. ಅಪ್ಪಾಜಿ ನನ್ನ ಕೈ ಹಿಡಿದಿದ್ದರು. "ಯಾವಾಗ ಒಡೀತೈತೆ?" ಎಂದು ರುದ್ರೇಶ ಅವ್ವನ ಕಿವಿಯಲ್ಲಿ ಕೇಳಿದ. ಅವ್ವ ಅವನ ಬಾಯಿ ಮುಚ್ಚಿದಳು.

ಆಗ ಸೀಟಿಯಂಥ ಚೂಪು ಸದ್ದು ಬಂತು. ಟ್ಯಾಂಕಿನ ಬೆಸುಗೆ ಒಂದು ಕಡೆ ಬಿಟ್ಟುಕೊಂಡು, ಉಗಿ ಚಾಕುವಿನ ಹಾಗೆ ಹೊರಗೆ ನುಗ್ಗಿತು. ನುಗ್ಗಿದ ಕಡೆ ನೆಲದ ಮಣ್ಣು ಕಿತ್ತು ಹಾರಿತು. ಬರುಬರುತ್ತ ಸದ್ದು ಸಣ್ಣಗಾಗಿ ನಿಂತಿತು. ಎದ್ದು ಹೋಗಿ ನೋಡಿದಾಗ ಗುಳಿ ಬಿದ್ದಿದ್ದು, ರುದ್ರೇಶ ಮೊಣಕಾಲೂರಿ ಬಗ್ಗಿದ್ದ ಜಾಗದಲ್ಲಿ.

ಅವತ್ತು ಅಪ್ಪಾಜಿ ಊಟ ಮಾಡಲಿಲ್ಲ. ಬಂಡಿಯನ್ನು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದರು. ಅದನ್ನು ಕೆಳಗಿಳಿಸಿ ಅವರ ಮುಂದೆ ಇಟ್ಟವಳು ಅವ್ವನೇ. ನಾನು ಆಶ್ಚರ್ಯದಿಂದ ನೋಡಿದೆ, ಏಕೆಂದರೆ ಅವತ್ತು ಅಪ್ಪಾಜಿಯನ್ನು ಎಲ್ಲರಿಗಿಂತ ಹೆಚ್ಚು ಬೈದವಳೂ ಅವಳೇ.

"ಹಿಂಗೇ ಬಿಟ್ರೆ ಈ ಹುಡುಗಿ ಎದೆಯಾಗೆ ಅದು ಜೀವ ಇರೋತನಕ ಕುಂತ್ಕಂತೈತೆ," ಎಂದಳು. "ಸರಿಯಾಗಿ ಮಾಡ್ರಿ. ದೂರ ನಿಂತು ನೋಡ್ತೀವಿ."

ಅಪ್ಪಾಜಿ ಬೆಸುಗೆಯನ್ನು ಹೊಸದಾಗಿ ಹಾಕಿಸಿದರು. ಬಿರಡೆಯನ್ನು ಚಿಮಣಿಯಿಂದ ದೂರ, ಹಿಂಬದಿಗೆ ಒಯ್ದರು, ಒಂದರ ಜಾಗದಲ್ಲಿ ಎರಡು ಕೂರಿಸಿದರು. ಶೇಂಗಾ ಎಣ್ಣೆ ಬಿಟ್ಟು ಹೊಲಿಗೆ ಮಿಷಿನ್ನಿನ ತೆಳು ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಹಾಕಿದರು. ಮಕ್ಕಳು ದಾಟದಂತೆ ಸುತ್ತ ಹಗ್ಗ ಕಟ್ಟಿದರು. ವಾರ್ಷಿಕೋತ್ಸವದ ಸಂಜೆ, ಬಿಸಿಲು ತಗ್ಗಿದ ಮೇಲೆ, ಶಾಲೆಯ ಬಯಲಿನಲ್ಲಿ ಅದು ಬಿಳಿ ಹೊಗೆ ಬಿಡುತ್ತ ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅವ್ವನ ಹಿಂದೆ ನಿಂತು, ಅವಳ ತೋಳಿನ ಸಂದಿಯಿಂದ ನೋಡಿದೆ. ಭಯ ಹೋಗಲಿಲ್ಲ. ಆದರೆ ಕಣ್ಣು ಮುಚ್ಚಲಿಲ್ಲ.

ಮುಂದೆ ಅಪ್ಪಾಜಿಗೆ ಹೊನ್ನಾಳಿಗೆ ವರ್ಗವಾಯಿತು, ಬಂಡಿ ಶಾಲೆಯಲ್ಲೇ ಉಳಿಯಿತು. ದಾವಣಗೆರೆಯಲ್ಲೂ ಉಗಿ ಇಂಜಿನ್ನುಗಳು ನಿಂತವು. ಅಪ್ಪಾಜಿ ತೀರಿಹೋದರು, ಅವ್ವನೂ ಹೋದಳು.

ಹೋದ ವರ್ಷ ನನಗೊಂದು ಆಪರೇಷನ್ ಆಯಿತು. ಒಳಗೆ ಕರೆದೊಯ್ಯುವ ಮೊದಲು ರುದ್ರೇಶ, ನನ್ನ ಮಕ್ಕಳು, ಸೊಸೆ, ಎಲ್ಲರೂ ಮಂಚದ ಸುತ್ತ ನಿಂತಿದ್ದರು. ಭಯ ಆಗ್ತೈತಾ ಎಂದು ಒಬ್ಬೊಬ್ಬರೂ ಪ್ರೀತಿಯಿಂದಲೇ ಕೇಳಿದರು. ಇಲ್ಲ ಎಂದೆ. ಅವ್ವನ ಹಾಗೆ ಮುಖ ನೋಡುವವರು ಯಾರೂ ಇರಲಿಲ್ಲ, ಎಲ್ಲರೂ ನಂಬಿದರು.