ಮಾವ ಕಟ್ಟಿದ ಗಾಡಿ

ನಮ್ಮ ಮಾವ ಸಾಬಣ್ಣನವರು ದಿನಾ ಬೆಳಿಗ್ಗೆ ಮೋಟರ್‌ಸೈಕಲ್ ಹತ್ತುವ ಮೊದಲು ಅದನ್ನು ಒದೆಯುತ್ತಿದ್ದರು. ಮಡ್‌ಗಾರ್ಡಿಗೊಂದು, ಸೈಲೆನ್ಸರಿಗೊಂದು, ಚೈನ್ ಕವರಿಗೊಂದು. ಎಲ್ಲಿ ಗಡಗಡ ಅಂದಿತೋ ಅಲ್ಲಿ ಕುಕ್ಕರುಗಾಲಲ್ಲಿ ಕೂತು, ಹೆಗಲ ಮೇಲಿನ ಹಳೇ ಟ್ಯೂಬಿನ ಪಟ್ಟಿ ತೆಗೆದು, ಹಲ್ಲಿನಿಂದ ಎಳೆದು ಬಿಗಿದು ಕಟ್ಟುತ್ತಿದ್ದರು. ಹೆಡ್‌ಲೈಟಿಗೆ ಗೋಣಿದಾರ, ನಂಬರ್ ಪ್ಲೇಟಿಗೆ ತಂತಿ, ಸೈಡ್ ಡಬ್ಬಿಯ ಮುಚ್ಚಳಕ್ಕೆ ಹರಿದ ಲುಂಗಿಯ ಅಂಚು. ಆ ಗಾಡಿಯಲ್ಲಿ ಬೋಲ್ಟಿನಿಂದ ನಿಂತದ್ದು ಎಂಜಿನ್ ಒಂದೇ ಇರಬೇಕು.

ಊರ ಮೆಕ್ಯಾನಿಕ್ ಒಮ್ಮೆ ತಾನಾಗಿಯೇ ಪಾನಾ ಹಿಡಿದು ಬಂದು ಇಂಡಿಕೇಟರಿಗೆ ನಟ್ಟು ಹಾಕಿಕೊಟ್ಟ. ಮಾವ ಮನೆಗೆ ಬಂದವರೇ ಅದನ್ನು ಬಿಚ್ಚಿ ಚರಂಡಿಗೆ ಎಸೆದು ಮತ್ತೆ ಟ್ಯೂಬು ಸುತ್ತಿದರು. "ಪಾನಾ ಹಿಡ್ದಾಂವ ಎಲ್ಲಾ ಕಳ್ಳ. ನಟ್ಟು ಹಾಕ್ತೀನಿ ಅಂತಾನ, ಒಳಗಿನ ಸಾಮಾನು ತಗೀತಾನ. ನಾ ಕಟ್ಟಿದ್ದು ನಂಗ ಗೊತ್ತಿರ್ತದ."

ಕೆಲಸದಲ್ಲಿದ್ದಾಗ ಅವರು ಕಾಲುವೆಯ ಗೇಟು ಕಾಯುತ್ತಿದ್ದರು. ಭತ್ತದ ಗದ್ದೆಯವರು ನೀರಿಗಾಗಿ ಕೈ ಮುಗಿದು ನಿಂತದ್ದನ್ನು ವರ್ಷಾನುಗಟ್ಟಲೆ ನೋಡಿದ ಕಣ್ಣುಗಳು ಅವು. ನಿವೃತ್ತಿಯಾದ ಮೇಲೆ ಹಾಗೆ ನಿಲ್ಲಬೇಕಾದವಳು ನಾನೊಬ್ಬಳೇ ಉಳಿದೆ, ನಾನು ನಿಲ್ಲಲಿಲ್ಲ. ನನ್ನ ಗಂಡ ಮರೆಪ್ಪ ಲಾರಿ ಡ್ರೈವರ್. ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ನಾನು ಶಹಾಪುರದ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸು. "ಮಂದಿ ಹುಣ್ಣು ತೊಳ್ಯಾಕ ಸೊಸಿ ತಂದೀನೇನು?" ಅಂತ ಮದುವೆಯಾದ ಹೊಸದರಲ್ಲೇ ಅಂದಿದ್ದರು. ಕೆಲಸ ಬಿಡಿಸಲು ಆಗದೆ ಕೊನೆಗೆ ತಾವೇ ಗಾಡಿಯಲ್ಲಿ ನನ್ನನ್ನು ಬಿಟ್ಟು ಬರತೊಡಗಿದರು. ಟಂಟಂ ಆಟೋದಲ್ಲಿ ಗಂಡಸರ ನಡುವೆ ಒತ್ತಿಕೊಂಡು ಕೂತರೆ ಅವರ ಮಾನ ಹೋಗುತ್ತಿತ್ತಂತೆ.

ಗಾಡಿಯ ಮೇಲೆ ನನಗೂ ಕೆಲಸವಿತ್ತು. ಒಂದು ಕೈಯಲ್ಲಿ ಸೈಡ್ ಮುಚ್ಚಳ ಒತ್ತಿ ಹಿಡಿಯಬೇಕು, ಕೆಳಗೆ ಹಿಮ್ಮಡಿಯಿಂದ ಚೈನ್ ಕವರ್ ಅದುಮಬೇಕು. ಟಿಫಿನ್ ಡಬ್ಬಿ ತೊಡೆಯ ಮೇಲೆ ತಾನಾಗಿಯೇ ನಿಲ್ಲಬೇಕು.

"ಗೊಂಬಿ ಹಂಗ ಕೂಡಬ್ಯಾಡ. ಕಾಲ್ಲೆ ಒತ್ತು!"

"ನಟ್ಟು ಬಿಗಿಸಿದ್ರ ಕಾಲ್ಲೆ ಒತ್ತೂದು ತಪ್ತದಲ್ರಿ ಮಾವ."

"ನಿನಗ ಒತ್ತಾಕ ಆಗಂಗಿಲ್ಲಂದ್ರ ಮನ್ಯಾಗ ಕೂಡು."

ಒಂದು ದಿನ ಹಿಮ್ಮಡಿ ನೋವು ತಡೆಯದೆ ಬ್ಯಾಂಡೇಜ್ ಬಟ್ಟೆ ತಂದು ಚೈನ್ ಕವರ್ ನಾನೇ ಕಟ್ಟಿದೆ. ನನ್ನ ಕಣ್ಣೆದುರಿಗೇ ಕುಡುಗೋಲಿನಿಂದ ಅದನ್ನು ಕೊಯ್ದು ಹಾಕಿದರು. "ಹೆಣ್ಮಕ್ಕಳು ಹಾಕಿದ ಗಂಟು ಗಾಡಿಗಿ ನಡಿಯಂಗಿಲ್ಲ." ಅವತ್ತಿನಿಂದ ಆ ಗಾಡಿಯನ್ನೂ ಅವರನ್ನೂ ಒಂದೇ ಸಮ ದ್ವೇಷಿಸಿದೆ.

ಭತ್ತದ ಕೊಯ್ಲು ನಡೆದಿತ್ತು. ಒಂದು ಬೆಳಿಗ್ಗೆ ಹೊರಡುವಾಗ ನೋಡಿದೆ, ಚೈನ್ ಕವರಿನ ಪಟ್ಟಿ ಹರಿದು ಒಂದೇ ಎಳೆಯ ಮೇಲೆ ನಿಂತಿತ್ತು. "ಮಾವ, ಪಟ್ಟಿ ಹರದದರಿ" ಅಂದೆ. "ಬಾಯಿ ಮುಚ್ಚಿ ಹತ್ತು" ಅಂದರು. ಕಾಲುವೆ ರಸ್ತೆಯಲ್ಲಿ ಒಂದು ತೆಗ್ಗಿಗೆ ಗಾಡಿ ಜಿಗಿಯಿತು. ನನ್ನ ಹಿಮ್ಮಡಿಯ ಕೆಳಗಿನಿಂದ ಕವರ್ ಜಾರಿ ಹೋಯಿತು. ಹಿಂದೆ, ನಮ್ಮೂರಿಗೆ ಹಾಲು ಹಾಕುವ ಪಕ್ಕದೂರಿನ ಮಹಿಬೂಬ್ ಬೈಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ. ಅವನ ಮುಂದಿನ ಗಾಲಿ ಆ ತಗಡಿನ ಮೇಲೆ ಹತ್ತಿತು. ಕ್ಯಾನು ಉರುಳಿದ ಸಪ್ಪಳಕ್ಕೆ ನಾನು ಕೂಗಿದೆ, ಮಾವ ನಿಲ್ಲಿಸಿದರು.

ಮಹಿಬೂಬನ ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ರಸ್ತೆಯ ಮೇಲೆಲ್ಲ ಹಾಲು. ಗದ್ದೆಯವರು ಎರಡು ಬಡಿಗೆ ತಂದುಕೊಟ್ಟರು, ನನ್ನ ಸೆರಗು ಹರಿದು ಕಾಲಿಗೆ ಕಟ್ಟಿದೆ. ಅಷ್ಟರಲ್ಲಿ ಮಾವನ ದನಿ ಕೇಳಿತು.

"ಇದು ನಂದಲ್ಲ. ಮೊದಲೇ ರಸ್ತಾದಾಗ ಬಿದ್ದಿತ್ತು, ನಾ ನೋಡೀನಿ."

ನೆರೆದವರು ನನ್ನ ಕಡೆ ತಿರುಗಿದರು. ಮಹಿಬೂಬ್ ಕಣ್ಣು ಮುಚ್ಚಿ ನರಳುತ್ತಿದ್ದ. ಮಾವ ನನ್ನನ್ನೇ ನೋಡುತ್ತಿದ್ದರು, ಗೇಟಿನ ಕೀಲಿ ಕೈಯಲ್ಲಿದ್ದಾಗಿನ ಅದೇ ನೋಟ.

"ನಮ್ಮದೇ ಅದರಿ," ಅಂದೆ. "ಮನಿ ಬಿಡೂ ಮುಂದ ಇವರಿಗಿ ಹೇಳಿದ್ದೆ."

ಠಾಣೆಯಲ್ಲಿಯೂ ಅದನ್ನೇ ಹೇಳಿದೆ. ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಂಡರು. ಮಾವ ಅದನ್ನು ಬಿಡಿಸಿಕೊಳ್ಳಲು ಹೋಗಲೇ ಇಲ್ಲ.

ಆಮೇಲೆ ನನ್ನ ಕೈಯ ಊಟ ಬಿಟ್ಟರು. ತಾವೇ ರೊಟ್ಟಿ ಬಡಿದುಕೊಂಡರು. ನಾನು ಅಂಗಳದಲ್ಲಿದ್ದರೆ ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದರು: "ಸೊಸಿ ಅಂತ ಸಾಕ್ಷಿ ತಂದೀನಿ ಮನಿಗಿ." ಮರೆಪ್ಪ ಫೋನಿನಲ್ಲಿ "ಒಂದು ಮಾತು ತಪ್ಪಾತು ಅನ್ನು, ಮುಗೀತದ" ಅಂದ. ನಾನು ಅನ್ನಲಿಲ್ಲ. ದಿನಾ ಟಂಟಂನಲ್ಲಿ ಹೋಗಿಬಂದೆ. ಮಹಿಬೂಬ್ ಕುಂಟುತ್ತಲೇ ಮತ್ತೆ ಹಾಲು ಹಾಕಲು ಬಂದಾಗ ಮಾವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಎರಡು ಮಳೆಗಾಲ ಹೀಗೇ ಹೋದವು. ಆಮೇಲೆ ಒಂದು ಮುಂಜಾನೆ ಲಕ್ವ ಹೊಡೆದು ಅವರ ಒಂದು ಪಕ್ಕ ಬಿದ್ದುಹೋಯಿತು. ಯಾದಗಿರಿಯ ದೊಡ್ಡ ದವಾಖಾನೆಗೆ ಕರೆದೊಯ್ದವಳು ನಾನೇ. ಮರೆಪ್ಪನ ಲಾರಿ ಎಲ್ಲೋ ದೂರದಲ್ಲಿತ್ತು. ಮಧ್ಯಾಹ್ನ ಅವರ ಬಾಯಿ ಒರೆಸುತ್ತಿದ್ದಾಗ, ಎಷ್ಟೋ ದಿನಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ನಾಲಿಗೆ ತೊದಲುತ್ತಿತ್ತು, ಆದರೂ ತಿಳಿಯಿತು.

"ಅವತ್ತ ನೀ ಸುಮ್ನಿದ್ರ... ಏನಾಗ್ತಿತ್ತು?"

"ಅವನ ಕಾಲು ಮುರದಿತ್ತರಿ ಮಾವ."

"ಕಾಲು ಕೂಡ್ತದ. ನನ್ನ ಮಾನ?"

ಒರೆಸುವುದನ್ನು ಮುಗಿಸಿದೆ. "ಕೈ ತಗಿ," ಅಂದರು. ತೆಗೆದೆ. ಗೋಡೆಯ ಕಡೆ ಮುಖ ತಿರುಗಿಸಿದವರು ಸಂಜೆಯ ಹೊತ್ತಿಗೆ ಹೋಗಿಬಿಟ್ಟರು.

ಮರುದಿನ ಮರೆಪ್ಪ ಬಂದ. ಗಡ್ಡ, ಧೂಳು, ನಿದ್ದೆಗೆಟ್ಟ ಕಣ್ಣು. ಅಪ್ಪನ ಕಾಲ ಹತ್ತಿರ ಬಹಳ ಹೊತ್ತು ಕೂತವನು ನನ್ನನ್ನು ಕೇಳಿದ, "ಹೋಗೂ ಮುಂದ ಅಪ್ಪ ಏನಾರ ಅಂದನೇನು?"

"ನಿಮ್ಮನ್ನ ಕೇಳಾಕತ್ತಿದ್ರು," ಅಂದೆ.

ಮಾವ ಯಾರನ್ನೂ ಕೇಳಿರಲಿಲ್ಲ.