ಮಾರಾಟಕ್ಕಿದ್ದ ಮನೆ, ಅಜ್ಜಿಯ ಮೆಣಸಿನಕಾಯಿ

ನ್ಯೂಜಿಲೆಂಡಿನ ಪಾಪಟೊಯ್‌ಟೊಯ್ ಬಡಾವಣೆಯ ನಮ್ಮ ಬೀದಿಯಲ್ಲಿ ಆ ದಿನಗಳಲ್ಲಿ ಭಾರತೀಯರ ಮನೆ ಅಂತಿದ್ದದ್ದು ನಮ್ಮದೊಂದೇ. ಉಳಿದವರೆಲ್ಲ ಸಮೋವಾ, ಟೋಂಗಾ ದ್ವೀಪಗಳ ಕಡೆಯವರು. ಏರ್‌ಪೋರ್ಟಿನಲ್ಲೋ ಫ್ಯಾಕ್ಟರಿಯಲ್ಲೋ ಶಿಫ್ಟ್ ಕೆಲಸಕ್ಕೆ ಹೋಗುವವರು. ಬೇಸಿಗೆ ರಜೆ ಬಂತೆಂದರೆ ಮಕ್ಕಳಾದ ನಾವು ಬಿಸಿ ಟಾರಿನ ಮೇಲೆ ಬರಿಗಾಲಲ್ಲಿ ರಗ್ಬಿ ಚೆಂಡು ಎಸೆದಾಡಿ, ಮೂಲೆಯ ಡೇರಿ ಅಂಗಡಿಯ ಐಸ್‌ಬ್ಲಾಕ್ ಚೀಪಿ ನಾಲಿಗೆ ನೀಲಿ ಮಾಡಿಕೊಂಡು, ಯಾವ ಮನೆಯಿಂದ ಅಡುಗೆಯ ವಾಸನೆ ಬಂದರೆ ಆ ಮನೆಗೆ ನುಗ್ಗುತ್ತಿದ್ದೆವು.

ಪಕ್ಕದ ಮನೆಯ ಸಮೋವಾ ಹುಡುಗಿ ಲೂಪೆ ನನ್ನ ಗೆಳತಿ. ಧಾರವಾಡದಿಂದ ಬಂದು ನಮ್ಮೊಡನಿದ್ದ ನನ್ನಜ್ಜಿಯೂ ಅವಳ ತಾಯಿ ಸೀನಾ ಆಂಟಿಯೂ ನಮಗಿಂತ ಹೆಚ್ಚಿನ ಜೀವದ ಗೆಳತಿಯರು. ಅಜ್ಜಿಗೆ ಇಂಗ್ಲಿಷ್ ಬಾರದು, ಆಂಟಿಗೆ ಕನ್ನಡ ಬಾರದು. ಆದರೂ ಬೇಲಿಯ ಈಚೆಯಿಂದ ಸೊಸೆಯ ಮೇಲಿನ ದೂರು, ಆಚೆಯಿಂದ ಗಂಡನ ಮೇಲಿನ ದೂರು ತಾಸುಗಟ್ಟಲೆ ಸಾಗುತ್ತಿತ್ತು. ಆಂಟಿ ಕೊಟ್ಟ ಕೆಸುವಿನೆಲೆ ಸಂಜೆಗೆ ಪತ್ರೊಡೆಯಾಗಿ ಬೇಲಿ ದಾಟಿ ವಾಪಸಾಗುತ್ತಿತ್ತು.

ಒಂದು ಜನವರಿಯಲ್ಲಿ ಲೂಪೆಯ ಮನೆಯೆದುರು ಮಾರಾಟದ ಫಲಕ ನೆಟ್ಟರು. ಅವರಿದ್ದದ್ದು ಬಾಡಿಗೆ ಮನೆ. ಬೀದಿಯ ಬೆಲೆ ಏರುತ್ತಿರುವುದು ಮಾಲೀಕನ ಮೂಗಿಗೆ ಬಡಿದಿತ್ತು. ಮನೆ ಮಾರಿಹೋದರೆ ಅವರು ಹೊರಡಲೇಬೇಕು.

“ಕೊಳ್ಳೋರ ಬರಲಿಲ್ಲಂದ್ರ?” ಎಂದಳು ಅಜ್ಜಿ.

“ಹಂಗ ಆಗಂಗಿಲ್ಲಬೇ,” ಎಂದರು ಅಪ್ಪ.

“ನಾ ನೋಡ್ಕೋತೀನಿ ತಗೋ.”

ಕೊಳ್ಳುವವರು ಮನೆ ನೋಡಲು ಬರುವ ಶನಿವಾರ ಅಜ್ಜಿ ಅಡುಗೆಮನೆಯ ಕಿಟಕಿ ಪೂರ್ತಿ ತೆರೆದು, ಕಾದ ಬಾಣಲೆಗೆ ಬೊಗಸೆ ತುಂಬ ಬ್ಯಾಡಗಿ ಮೆಣಸಿನಕಾಯಿ ಸುರಿದಳು. ಘಾಟು ನೇರವಾಗಿ ಪಕ್ಕದ ಮನೆಗೆ ನುಗ್ಗಿತು.

“ಲವ್ಲಿ ಸನ್ನಿ ಲಿವಿಂಗ್ ರೂ... ಆಕ್ಷೀ!” ಏಜೆಂಟ್ ಹೆಂಗಸಿನ ವರ್ಣನೆ ಅಲ್ಲಿಗೇ ನಿಂತಿತು. ಬಂದವರೆಲ್ಲ ಮೂಗು ಮುಚ್ಚಿಕೊಂಡು ಕಾರು ಹತ್ತಿದರು. ಪೊದೆಯ ಹಿಂದೆ ಅಡಗಿದ್ದ ನಾನೂ ಲೂಪೆಯೂ ಕೆಮ್ಮುತ್ತ ನಗುತ್ತ ಉರುಳಾಡಿದೆವು. ಅಜ್ಜಿ ಗೆದ್ದ ಹುಮ್ಮಸ್ಸಿನಲ್ಲಿ ಇನ್ನೊಂದು ಬೊಗಸೆ ಸುರಿದಳು.

ಅಷ್ಟರಲ್ಲಿ ಮತ್ತೊಂದು ಕಾರು ಬಂತು. ಇಳಿದ ಗಂಡಸು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದ.

“ಲೇ ಸುಮಾ, ಬ್ಯಾಡಗಿ ಮೆಣಸಿನಕಾಯಿ ಹುರಿಯಾಕತ್ತಾರ!”

ಗಂಡ ಹೆಂಡತಿ ಮಾರಾಟದ ಮನೆಯನ್ನು ಬಿಟ್ಟು ನೇರವಾಗಿ ನಮ್ಮ ಬಾಗಿಲು ತಟ್ಟಿದರು. ಹುಬ್ಬಳ್ಳಿಯವರು, ವೆಲ್ಲಿಂಗ್ಟನ್ನಿನಿಂದ ಇತ್ತ ಕೆಲಸ ಬದಲಿಸಿಕೊಂಡವರು. ಅಜ್ಜಿಯ ಮುಖ ಕಪ್ಪಿಟ್ಟಿತು.

“ಆ ಮನಿ ಬ್ಯಾಡ್ರೀ. ಸೋರತೈತಿ. ದೆವ್ವನೂ ಐತಿ.”

“ದೆವ್ವ ಇದ್ರ ಇರಲಿ ಬಿಡ್ರಿ ಅಜ್ಜಿ, ಬಾಜೂಕ ನೀವಿದ್ದೀರಲ್ಲ!”

ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಅಜ್ಜಿಯ ಜಾಯಮಾನದಲ್ಲೇ ಇರಲಿಲ್ಲ. ಹಚ್ಚಿದ ಅವಲಕ್ಕಿ ಕೊಟ್ಟಳು. ಅವರು ಎರಡೆರಡು ಸಲ ಹಾಕಿಸಿಕೊಂಡು ತಿಂದು, ಹೋಗಿ ಆ ಮನೆಯನ್ನೇ ಕೊಂಡರು.

ಸಂಗತಿಯನ್ನು ಅಜ್ಜಿ ಬೇಲಿಯ ಬಳಿ ತಾನೇ ಹೇಳಿದಳು. ಇಂಗ್ಲಿಷಿಗೆ ತಿರುಗಿಸಿದವಳು ನಾನು. ಸೀನಾ ಆಂಟಿ ನಕ್ಕು ನಕ್ಕು ಹುಲ್ಲಿನ ಮೇಲೆ ಕುಸಿದು ಕೂತಳು. “ನೆಕ್ಸ್ಟ್ ಟೈಮ್, ಮಾಮಾ, ಬರ್ನ್ ಫಿಶ್!” ಎಂದಳು. ಆಮೇಲೆ ಎದ್ದು, ಬೇಲಿಯ ಮೇಲಿಂದ ಬಾಗಿ, ಎರಡೂ ತೋಳುಗಳಲ್ಲಿ ಅಜ್ಜಿಯನ್ನು ಅಪ್ಪಿಕೊಂಡಳು. ಮಡಿಯಲ್ಲಿ ನಮ್ಮನ್ನೂ ಹತ್ತಿರ ಬಿಟ್ಟುಕೊಳ್ಳದ ಅಜ್ಜಿ ಆ ದೊಡ್ಡ ಹೆಗಲ ಮೇಲೆ ಮುಖವಿಟ್ಟು ಬಿಕ್ಕಿದಳು.

ಲೂಪೆಯ ಮನೆಯವರು ಹ್ಯಾಮಿಲ್ಟನ್ ಕಡೆಗೆ ಹೋದರು. ಬಳಿಕ ಟೋಂಗಾದವರು, ಎದುರು ಮನೆಯವರು, ಒಬ್ಬೊಬ್ಬರಾಗಿ ಎಲ್ಲರೂ. ಮುಂದೆ ನಮ್ಮ ಬಾಡಿಗೆ ಮನೆಯೂ ಮಾರಾಟವಾಯಿತು. ಭಾನುವಾರ ಬೆಳಿಗ್ಗೆ ಬಿಳಿ ಬಟ್ಟೆ ತೊಟ್ಟು, ದಾರಿಯುದ್ದಕ್ಕೂ ಹಾಡುತ್ತ ಚರ್ಚಿಗೆ ನಡೆಯುತ್ತಿದ್ದ ಆ ಸಾಲು ಈಗ ಅಲ್ಲಿಲ್ಲ. ಮೊನ್ನೆ ಗಂಡನೊಡನೆ ಆ ಬೀದಿಯಲ್ಲಿ ಒಂದು ಮನೆ ನೋಡಲು ಹೋಗಿದ್ದೆ. ಇಬ್ಬರ ಸಂಬಳ ಸೇರಿಸಿದರೂ ನಿಲುಕುವ ಮಾತಲ್ಲ. ಹೊರಡುವಾಗ ಏಜೆಂಟ್ ಹುಡುಗ ನಗುತ್ತ ಕೇಳಿದ: “ಈ ಏರಿಯಾ ನಿಮಗೆ ಹೊಸದಾ?”