ಕೆಂಪಾದ ಅರಿಶಿನ ಕಡ್ಡಿ

ಪಾಲುಪಿಗೆ ಕೆಮಿಸ್ಟ್ರಿ ಬರುತ್ತಿರಲಿಲ್ಲ ಅಂತಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ದಡ್ಡ ಹುಡುಗಿ, ಹೆದರಿ ಸುಳ್ಳು ಹೇಳಿದಳು ಪಾಪ ಅಂತ ನೀವೇ ಅವಳ ಪರ ವಹಿಸಿಕೊಂಡು ಬರುತ್ತೀರಿ. ಸುಗೆಂಗ್ ಮೇಷ್ಟ್ರು ಬೋರ್ಡಿನ ಮೇಲೆ ಸಮೀಕರಣ ಬರೆದು ಮುಗಿಸುವುದರೊಳಗೆ ಅದನ್ನು ಸರಿದೂಗಿಸಿ ಕೂತಿರುವ ಹುಡುಗಿ ಅವಳು. ಅಂಥವಳು ಈಗ, ಹನ್ನೆರಡನೆಯ ಕ್ಲಾಸಿನ ಕೊನೆಯ ಪರೀಕ್ಷೆ ತಲೆಯ ಮೇಲೆ ಬಂದಿರುವಾಗ, ಹಿತ್ತಿಲ ಜಗಲಿಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಒಂದೇ ಪುಟವನ್ನು ದಿಟ್ಟಿಸುತ್ತ ಕೂತಿದ್ದಾಳೆ. ಅಂಗಳದಲ್ಲಿ ಅಜ್ಜಿ ಬಿದಿರಿನ ತಟ್ಟೆಗಳ ಮೇಲೆ ಕರಾಕ್ ಒಣಗಿಸುತ್ತಿದ್ದಾಳೆ. ಆ ಕರಾಕ್ ಕಣ್ಣಿಗೆ ಬಿದ್ದರೆ ಸಾಕು, ಓದಿದ್ದೆಲ್ಲ ಮರೆತುಹೋಗುತ್ತದೆ.

ಕರಾಕ್ ಅಂದರೆ ಅನ್ನವನ್ನು ಕುಟ್ಟಿ, ತೆಳ್ಳಗೆ ಕೊಯ್ದು, ಒಣಗಿಸಿ ಕರಿಯುವ ಸಂಡಿಗೆ. ಅದಿಲ್ಲದೆ ನಮ್ಮ ಜಾವಾದ ಈ ಕಡೆ ಯಾರಿಗೂ ಬೆಳಗಿನ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ. ಹಿಂದೆಲ್ಲ ಗರಿಗರಿಯಾಗಲಿ ಅಂತ ಅದಕ್ಕೆ ಬ್ಲೆಂಗ್ ಅನ್ನುವ ಉಪ್ಪು ಬೆರೆಸುತ್ತಿದ್ದರು. ಅದರಲ್ಲಿ ಬೊರಾಕ್ಸ್ ಇದೆ, ಕಿಡ್ನಿ ಹಾಳಾಗುತ್ತೆ ಅಂತ ಆರೋಗ್ಯ ಇಲಾಖೆಯವರು ಬಂದು ಹೇಳಿದ ಮೇಲೆ ಕೆಲವರು ಬಿಟ್ಟರು, ಇನ್ನು ಕೆಲವರು ಬಿಟ್ಟೆವು ಅಂತ ಹೇಳಿದರು. ಪಾಲುಪಿಯ ಅಜ್ಜಿ ಸಾಕಿನೆಮ್ ನಿಜವಾಗಿ ಬಿಟ್ಟವಳು. ಬತ್ತದ ಹುಲ್ಲು ಸುಟ್ಟು, ಆ ಬೂದಿಯನ್ನು ನೀರಲ್ಲಿ ನೆನೆಸಿ, ತಿಳಿನೀರು ಬಸಿದು ಅದನ್ನೇ ಬ್ಲೆಂಗಿನ ಬದಲು ಹಾಕುತ್ತಿದ್ದಳು. ಐದು ದಿನಕ್ಕೊಮ್ಮೆ ಸೇರುವ ಲಗಿ ಸಂತೆಯಲ್ಲಿ ಅವಳ ಪಕ್ಕದ ಜಾಗದಲ್ಲಿ ಕೂತು ಕರಾಕ್ ಮಾರುವವಳು ಪೈನಕ್ಕ. ಬೂದಿನೀರಿನ ಹದ ಅವಳಿಗೂ ಅಜ್ಜಿಯೇ ಕಲಿಸಿದ್ದು. ಇಬ್ಬರೂ ಎದುರಾಳಿಗಳು ಅನ್ನಿ, ಆದರೆ ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಬುಟ್ಟಿಯನ್ನೂ ಖಾಲಿ ಮಾಡಿಕೊಂಡು ಬರುತ್ತಿದ್ದಳು.

ಆದದ್ದು ಇಷ್ಟು. ಪ್ರಾಕ್ಟಿಕಲ್ ಪರೀಕ್ಷೆಯ ತಯಾರಿಗೆ ಅಂತ ಸುಗೆಂಗ್ ಮೇಷ್ಟ್ರು ಒಬ್ಬೊಬ್ಬರಿಗೂ ಸಂತೆಯಿಂದ ಒಂದೊಂದು ತಿಂಡಿ ತರಲು ಹೇಳಿದ್ದರು, ಬೊರಾಕ್ಸ್ ಇದೆಯೋ ಅಂತ ಅರಿಶಿನದಿಂದ ಪರೀಕ್ಷಿಸಲು. ಒಬ್ಬ ಮಾಂಸದುಂಡೆ ತಂದ, ಒಬ್ಬಳು ಶಾವಿಗೆ ತಂದಳು. ಪಾಲುಪಿಯ ಪಾಲಿಗೆ ಬಂದದ್ದು ಕರಾಕ್. ಸಂತೆಗೆ ಯಾರು ಹೋಗುತ್ತಾರೆ ಅಂತ ಅವಳು ಅಜ್ಜಿಯ ಡಬ್ಬಿಯಿಂದಲೇ ನಾಲ್ಕು ಎತ್ತಿಕೊಂಡು ಹೋದಳು. ಒಳಗೊಳಗೇ ಜಂಬ ಬೇರೆ. ಎಲ್ಲರದ್ದೂ ಕೆಂಪಾಗಲಿ, ನಮ್ಮನೇದು ಮಾತ್ರ ಹಳದಿ ಉಳಿಯುತ್ತೆ, ನೋಡ್ತಿರಿ ಅಂತ.

ಹಸಿ ಅರಿಶಿನದ ಕೊಂಬಿಗೆ ಹಲ್ಲುಕಡ್ಡಿ ಚುಚ್ಚಿ ತೆಗೆದು, ಆ ಹಳದಿ ಕಡ್ಡಿಯನ್ನು ತಿಂಡಿಗೆ ಚುಚ್ಚುವುದು. ಕಡ್ಡಿ ಕೆಂಪಾದರೆ ಬೊರಾಕ್ಸ್. ಮಾಂಸದುಂಡೆ ಪಾಸಾಯಿತು, ಶಾವಿಗೆ ಪಾಸಾಯಿತು. ಪಾಲುಪಿಯ ಕಡ್ಡಿ, ನೆನೆಸಿದ ಕರಾಕಿನೊಳಗಿಂದ, ಎಲೆ ಅಡಿಕೆ ಜಗಿದ ಬಾಯಿಯ ಹಾಗೆ ಕೆಂಪಗೆ ಬಂತು.

ಕ್ಲಾಸು ಹೋ ಅಂತು. ಗೆಳತಿ ಸೆಪ್ತಿ ಆಗಲೇ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದಳು.

"ಲೇ ಪಾಲುಪಿ, ವಿಷಾನ ಎಲ್ಲಿಂದ ಹೊತ್ಕೊಂಡು ಬಂದ್ಯೇ?"

"ಯಾರ ಹತ್ರ ತಗೊಂಡೆಯಮ್ಮ ಇದನ್ನ?" ಅಂದರು ಮೇಷ್ಟ್ರು, ಮೆತ್ತಗೆ.

ಅಜ್ಜಿ ಕದ್ದುಮುಚ್ಚಿ ಬ್ಲೆಂಗ್ ಹಾಕುತ್ತಾಳೆ ಅಂತ ಪಾಲುಪಿಯ ತಲೆಗೆ ಹೊಳೆದದ್ದು ಆ ಗಳಿಗೆಯಲ್ಲಿ. ಇಡೀ ಕ್ಲಾಸಿನ ಕಣ್ಣು ತನ್ನ ಮೇಲೆ. ಬಾಯಿ ತಾನಾಗಿ ತೆರೆಯಿತು.

"ಸಂತೇಲಿ ಸಾರ್. ಪೈನಕ್ಕನ ಹತ್ರ."

ಬಾಯಿ ತಾನಾಗಿ ತೆರೆಯಿತು ಅಂದೆ. ಹಾಗಂತ ಅವಳು ತನಗೆ ತಾನೇ ಹೇಳಿಕೊಂಡಳು. ಬಾಯಿ ತಾನಾಗಿ ತೆರೆದರೆ ನಿಜ ಬರಬೇಕು, ಪಕ್ಕದವಳ ಹೆಸರು ಯಾಕೆ ಬಂತು?

ವಿಡಿಯೋ ಸಂಜೆಯೊಳಗೆ ಕ್ಲಾಸಿನ ಗುಂಪಿನಿಂದ ಅಮ್ಮಂದಿರ ಗುಂಪಿಗೆ, ಅಲ್ಲಿಂದ ಊರಿಗೇ ಹೋಯಿತು. ಮುಂದಿನ ಸಂತೆಯಲ್ಲಿ ಪೈನಕ್ಕನ ಬುಟ್ಟಿಗೆ ಯಾರೂ ಕೈ ಹಾಕಲಿಲ್ಲ. ಅದರ ಮುಂದಿನ ಸಂತೆಗೆ ಅವಳೇ ಬರಲಿಲ್ಲ. ಕೊಳ್ಳುವವರೆಲ್ಲ ಪಕ್ಕಕ್ಕೆ ಸರಿದರು, ಅಜ್ಜಿಯ ಬುಟ್ಟಿ ಬಿಸಿಲೇರುವ ಮೊದಲೇ ಖಾಲಿಯಾಗತೊಡಗಿತು.

"ವ್ಯಾಪಾರ ಏನೋ ಜೋರು ಕಣೇ," ಅಂದಳು ಅಜ್ಜಿ, ಖಾಲಿ ಬುಟ್ಟಿ ಇಳಿಸುತ್ತ. "ಆದ್ರೆ ಪಕ್ಕದ ಜಾಗ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಪೈನಾ ಅಂಥೋಳಲ್ಲ. ಗಂಡ ಸತ್ತು ಇನ್ನೂ ವರ್ಷ ಕೂಡ ತುಂಬಿಲ್ಲ ಅವಳಿಗೆ."

ಪಾಲುಪಿ ಪುಸ್ತಕದಿಂದ ಮುಖ ಎತ್ತಲಿಲ್ಲ. ಈ ಮುದುಕಿ ಎಂಥ ನಾಟಕ ಆಡ್ತಾಳೆ ಅಂದುಕೊಂಡಳು. ಅಜ್ಜಿಯನ್ನು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಿದರೆ ತಾನೂ ಹೇಳಬೇಕಾಗುತ್ತೆ ಅನ್ನುವ ಭಯಕ್ಕೆ ಕೇಳಲಿಲ್ಲ.

ಇನ್ನು ನಮ್ಮ ಪದ್ಧತಿ ಇದೆಯಲ್ಲ, ದೊಡ್ಡ ಪರೀಕ್ಷೆಗೆ ಮುಂಚೆ ಮಕ್ಕಳು ಓಣಿಯ ಹಿರಿಯರ ಮನೆಗೆಲ್ಲ ಹೋಗಿ, ಮಂಡಿಯೂರಿ, ಅವರ ಕೈಗೆ ಹಣೆ ಮುಟ್ಟಿಸಿ ಕ್ಷಮೆ ಕೇಳಬೇಕು. ಯಾರದಾದರೂ ಮನಸ್ಸಿನಲ್ಲಿ ನಮ್ಮ ಮೇಲೆ ಬೇಜಾರು ಉಳಿದಿದ್ದರೆ ಕಲಿತದ್ದು ಹಾಳೆಯ ಮೇಲೆ ಇಳಿಯುವುದಿಲ್ಲ ಅಂತ. ಹಿರಿಯರೂ ಯಾವ ತಪ್ಪು ಅಂತ ಕೇಳುವುದಿಲ್ಲ. "ನಮ್ಮಿಂದ ತಪ್ಪಾಗಿದ್ದರೆ ನೀನೂ ಕ್ಷಮಿಸು ಮಗಾ, ಚೆನ್ನಾಗಿ ಬರಿ" ಅಂತ ತಲೆ ಸವರಿ ಕಳಿಸುತ್ತಾರೆ. ಎಲ್ಲರೂ ಹೇಳುವುದು ಅದನ್ನೇ, ಬಾಯಿಪಾಠ. ಪಾಲುಪಿ ಇದನ್ನೇ ನೆಚ್ಚಿಕೊಂಡಿದ್ದಳು. ಪೈನಕ್ಕನ ಕೈಗೂ ಹಣೆ ಮುಟ್ಟಿಸಿಬಿಟ್ಟರೆ ಲೆಕ್ಕ ಚುಕ್ತಾ ಆಗುತ್ತೆ, ಬಿಡಿಸಿ ಹೇಳಬೇಕಾಗಿಲ್ಲ ಅಂತ.

ಪೈನಕ್ಕನ ಅಂಗಳದಲ್ಲಿ ಬಿದಿರಿನ ತಟ್ಟೆಗಳೆಲ್ಲ ಮಗುಚಿ ಗೋಡೆಗೆ ಒರಗಿದ್ದವು. ಪಾಲುಪಿ ಮಂಡಿಯೂರಿ, ಕೈ ಹಿಡಿದು ಹಣೆಗೆ ಮುಟ್ಟಿಸಿಕೊಂಡು ಹೇಳಿದಳು. "ದೊಡ್ಡಮ್ಮಾ, ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ."

"ಕ್ಷಮಿಸಿದೆ ಮಗಾ, ಎಲ್ಲಾ ಕ್ಷಮಿಸಿದೆ," ಅಂದಳು ಪೈನಕ್ಕ. ಅಷ್ಟಕ್ಕೇ ನಿಲ್ಲಿಸದೆ ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. "ನೀನೂ ನನ್ನ ಕ್ಷಮಿಸೇ. ನೀನು ಇಷ್ಟುದ್ದ ಇದ್ದಾಗಿಂದ ನನ್ನ ಕರಾಕ್ ತಿಂದು ಬೆಳೆದೋಳು. ಅದರಲ್ಲಿ ಏನಿತ್ತೋ, ನನ್ನಾಣೆ ನಂಗೆ ಗೊತ್ತಿರ್ಲಿಲ್ಲ. ಈಗಿನ ಗದ್ದೆಗೆ ಎಂಥೆಂಥದೋ ಹೊಡೀತಾರೆ, ಹುಲ್ಲಿನ ಬೂದಿಯಲ್ಲೇ ಬಂತೋ ಏನೋ. ನೀವು ಓದೋ ಮಕ್ಕಳು ಕಂಡುಹಿಡಿದ್ರಿ, ಒಳ್ಳೇದಾಯ್ತು. ಇಲ್ದಿದ್ರೆ ಇನ್ನೂ ಎಷ್ಟು ಜನಕ್ಕೆ ತಿನ್ನಿಸ್ತಿದ್ನೋ." ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಮುರಿದ ಚೂರೆಲ್ಲ ನಮ್ಮ ಯಜಮಾನ್ರೇ ತಿಂತಿದ್ರು ಕಣೇ. ಮುರಿದದ್ದು ಮಾರೋಕಾಗಲ್ಲ ಅಂತ ದಿನಾ ತಟ್ಟೆಗೆ ಸುರೀತಿದ್ದೆ. ಡಾಕ್ಟ್ರು ಕಿಡ್ನಿ ಅಂದ್ರು, ಹಣೇಬರ ಅಂದ್ಕೊಂಡೆ. ನನ್ನ ಕೈ ಅಂತ ನಂಗೇನು ಗೊತ್ತು?"

ಅಯ್ಯೋ, ಆಗಲಾದರೂ ಹೇಳಬಾರದಿತ್ತೇ? ಪಾಲುಪಿ ಹೇಳಲಿಲ್ಲ. ಹೇಳಿದರೆ ಅಜ್ಜಿಯ ಬುಟ್ಟಿಯಲ್ಲಿ ಬ್ಲೆಂಗ್ ಇದೆ ಅಂತ ಹೇಳಬೇಕು. ಕೈ ಬಿಡಿಸಿಕೊಂಡು, ಇನ್ನೂ ಬೇರೆ ಮನೆಗಳಿಗೆ ಹೋಗಬೇಕು ದೊಡ್ಡಮ್ಮಾ ಅಂತ ಗೊಣಗಿ, ಚಪ್ಪಲಿ ಸಿಕ್ಕಿಸಿಕೊಂಡು ಓಡಿಬಂದಳು. ಬೇರೆ ಯಾವ ಮನೆಗೂ ಹೋಗಲಿಲ್ಲ.

ಕೆಮಿಸ್ಟ್ರಿ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಸೆಪ್ತಿ ಓದಿಸಲು ಬಂದಳು. ಓದಿಸುವುದು ಹೆಸರಿಗೆ, ಬಂದದ್ದು ಅಜ್ಜಿ ಮಾಡುವ ಸಿಹಿ ಚಹಾಕ್ಕೆ. ಹಳೆಯ ಪ್ರಶ್ನೆಗಳನ್ನು ಕೇಳುತ್ತ ಹೋದಳು, ಪಾಲುಪಿ ಕಣ್ಣು ಮುಚ್ಚಿ ಹೇಳುತ್ತ ಹೋದಳು.

"ನಿಸರ್ಗದ ಸೂಚಕಗಳು. ದಾಸವಾಳ ಆಮ್ಲದಲ್ಲಿ?"

"ಕೆಂಪು."

"ಅರಿಶಿನ ಆಮ್ಲದಲ್ಲಿ?"

"ಹಳದಿ."

"ಪ್ರತ್ಯಾಮ್ಲದಲ್ಲಿ?"

"ಕೆಂ..." ಪಾಲುಪಿ ಕಣ್ಣು ತೆರೆದಳು.

"ಕೆಂಪು ಅಲ್ವೇನೇ? ಸರಿಯಾಗೇ ಇದೆ, ಮುಂದೆ ಹೇಳು. ಏನಾಯ್ತೇ ನಿಂಗೆ, ದೆವ್ವ ಕಂಡೋರ ಥರ?"

ಹತ್ತನೆಯ ಕ್ಲಾಸಿನಲ್ಲಿ ಕಲಿತ ಪಾಠ ಅದು. ಬೊರಾಕ್ಸ್ ಹನ್ನೆರಡನೆಯದು. ಎರಡನ್ನೂ ಉರು ಹೊಡೆದು ಬೇರೆ ಬೇರೆ ಗೂಡಿನಲ್ಲಿ ಇಟ್ಟಿದ್ದಳು, ಒಂದಕ್ಕೊಂದು ಭೇಟಿಯೇ ಆಗಿರಲಿಲ್ಲ. ಅಂದು ಹೇಳಿಕೊಟ್ಟ ಮೇಷ್ಟ್ರಿಗೂ ಹೊಳೆದಿರಲಿಲ್ಲ, ಆ ಮಾತು ಬೇರೆ. ಅಂಗಳದ ಮೂಲೆಯಲ್ಲಿ, ದಿನಾ ದಾಟಿ ಓಡಾಡುವ ಜಾಗದಲ್ಲಿ, ಬೂದಿ ನೆನೆಸಿದ ಮಡಕೆ ಕೂತಿತ್ತು. ಬೂದಿನೀರಿಗಿಂತ ಪ್ರತ್ಯಾಮ್ಲ ಇನ್ನೇನು ಬೇಕು?

"ಅಜ್ಜೀ," ಅಂದಳು. "ನೀನು ಬ್ಲೆಂಗ್ ಹಾಕ್ತೀಯಾ?"

"ಥೂ, ಅದನ್ನ ಬಿಟ್ಟು ಎಷ್ಟು ಕಾಲ ಆಯ್ತು! ಪರೀಕ್ಷೆ ಹೊತ್ತಲ್ಲಿ ಇದೆಂಥಾ ಪ್ರಶ್ನೆನೇ?"

ಪಾಲುಪಿ ಅಡುಗೆಮನೆಯಿಂದ ಅರಿಶಿನದ ಕೊಂಬು ತಂದು ಮುರಿದು, ಬೂದಿನೀರಿಗೆ ಅದ್ದಿದಳು. ಕೆಂಪಾಯಿತು. ಅದೇ ಕೆಂಪು. ಮೇಲೆ ನಿಂಬೆರಸ ಹಿಂಡಿದಳು. ಹಳದಿಗೆ ತಿರುಗಿತು. ಬೊರಾಕ್ಸ್ ಇದ್ದಿದ್ದರೆ ಹುಳಿ ಬಿದ್ದು ಒಣಗಿದ ಹಾಗೆಲ್ಲ ಕೆಂಪು ಏರಬೇಕಿತ್ತು. ಜಗಲಿಯ ಮೇಲೆ ಒಣಗಿತು, ಹಳದಿಯಾಗಿಯೇ ಉಳಿಯಿತು. ಅಜ್ಜಿಯ ತಪ್ಪಿಲ್ಲ. ಪೈನಕ್ಕನ ತಪ್ಪೂ ಇಲ್ಲ. ಅಂದು ಕ್ಲಾಸಿನಲ್ಲಿ "ನಮ್ಮಜ್ಜಿದು ಸಾರ್" ಅಂದಿದ್ದರೆ ಮೇಷ್ಟ್ರು "ಏನು ಹಾಕ್ತಾರಮ್ಮ ನಿಮ್ಮಜ್ಜಿ" ಅಂತ ಕೇಳುತ್ತಿದ್ದರು, ಬೂದಿನೀರು ಅಂದ ಕೂಡಲೇ ಗೊತ್ತಾಗಿಬಿಡುತ್ತಿತ್ತು. ಯಾವ ಮಾನ ಉಳಿಸಲು ಸುಳ್ಳು ಹೇಳಿದಳೋ ಆ ಮಾನ ಹೋಗಿಯೇ ಇರಲಿಲ್ಲ.

ಸೆಪ್ತಿಯ ಮುಂದೆಯೇ, ಅಳುತ್ತ, ಎಲ್ಲ ಹೇಳಿದಳು. ಸೆಪ್ತಿ ಚಹಾದ ಲೋಟ ಕೆಳಗಿಟ್ಟು ಮೊಬೈಲನ್ನು ಬೆನ್ನ ಹಿಂದೆ ಸರಿಸಿದಳು. ವಿಡಿಯೋ ಹಂಚಿದವಳು ಅವಳು ತಾನೇ.

ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ. "ನನ್ನ ಮರ್ಯಾದೆ ಉಳಿಸೋಕೆ ಅವಳ ಮರ್ಯಾದೆ ತೆಗೆದ್ಯಾ?" ಅಂದಳು. "ಇಷ್ಟು ದಿನ ಅವಳ ಅನ್ನ ನಂಗೆ ಉಣ್ಣಿಸಿದ್ಯಲ್ಲೇ." ಆಮೇಲೆ ಅರಿಶಿನದ ಕೊಂಬನ್ನೂ ನಿಂಬೆಹಣ್ಣನ್ನೂ ಅವಳ ಕೈಗಿಟ್ಟು ಬಾಗಿಲ ಕಡೆ ನೋಡಿದಳು.

ಪೈನಕ್ಕ ಅಂಗಳ ಗುಡಿಸುತ್ತಿದ್ದಳು. "ಪರೀಕ್ಷೆ ನಾಳೆ ಅಲ್ವೇನೇ? ಓದೋದು ಬಿಟ್ಟು ಇಲ್ಲೇನು?"

ಪಾಲುಪಿ ಮಂಡಿಯೂರಲಿಲ್ಲ, ಹಾಗೆ ಮಾಡಿದರೆ ಮತ್ತೆ ಬಾಯಿಪಾಠವೇ ಆಗುತ್ತೆ ಅಂತ. ನಿಂತೇ ಹೇಳಿದಳು. ಅವತ್ತು ಕೆಂಪಾದದ್ದು ನಿಮ್ಮ ಕರಾಕ್ ಅಲ್ಲ, ನಮ್ಮನೇದು. ನಿಮ್ಮ ಹೆಸರು ಹೇಳಿದ್ದು ಸುಳ್ಳು. ಅದರಲ್ಲೂ ವಿಷ ಇರಲಿಲ್ಲ. ಹೇಳಿ, ಅಲ್ಲೇ ಮೆಟ್ಟಿಲ ಮೇಲೆ ಕೂತು, ಪೈನಕ್ಕನ ಮನೆಯ ಬೂದಿಮಡಕೆಯಲ್ಲೇ ಅರಿಶಿನ ಅದ್ದಿ ತೋರಿಸಿದಳು, ನಿಂಬೆ ಹಿಂಡಿ ಒಣಗಿಸಿ ತೋರಿಸಿದಳು.

ಪೈನಕ್ಕ ಆ ಹಳದಿ ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುವಿ ನೋಡಿದಳು.

"ಹಾಗಾದ್ರೆ ನಮ್ಮ ಯಜಮಾನ್ರು... ನನ್ನ ಕೈಯಿಂದ ಅಲ್ಲ?"

"ಅಲ್ಲ ದೊಡ್ಡಮ್ಮಾ. ನಿಮ್ಮ ಕೈಯಿಂದ ಅಲ್ಲವೇ ಅಲ್ಲ."

ಅವಳು ಪೊರಕೆ ಬಿಟ್ಟು ನೆಲದ ಮೇಲೆ ಕೂತು ಅತ್ತಳು. ಗಂಡ ಸತ್ತ ದಿನವೂ ಹಾಗೆ ಅತ್ತದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಪಾಲುಪಿ ಅಳುತ್ತಲೇ ಹತ್ತಿರ ಸರಿದು, ಹಣೆಗೆ ಮುಟ್ಟಿಸಿಕೊಳ್ಳಲು ಅವಳ ಕೈ ಹಿಡಿಯಹೋದಳು. ಪೈನಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು.

"ಅವತ್ತು ಕ್ಷಮಿಸಿದೆ ಅಂದೆ ನೋಡು, ಅದನ್ನ ವಾಪಸ್ ತಗೊಂಡೆ. ಗೊತ್ತಿಲ್ದೆ ಕೊಟ್ಟಿದ್ದು ಅದು. ನಾನಿಲ್ಲಿ ಗಂಡನ್ನ ಕೊಂದೋಳು ಅಂತ ನಿನ್ನ ಕಾಲಿಗೆ ಬೀಳೋದೊಂದು ಬಾಕಿ, ನೀನು ಕೇಳಿಸ್ಕೊಂಡು ಚಪ್ಪಲಿ ಹಾಕ್ಕೊಂಡು ಹೋದೆ." ಕಣ್ಣೊರೆಸಿಕೊಂಡಳು. "ನಾಳೆ ಹೋಗಿ ಪರೀಕ್ಷೆ ಬರಿ. ಚೆನ್ನಾಗೇ ಬರಿ. ಲಗಿ ಸಂತೆ ದಿನ ಬಾ, ಜನ ಸೇರಿದ ಮೇಲೆ ಕೇಳು. ಕೊಡ್ತೀನೋ ಬಿಡ್ತೀನೋ ಆಮೇಲೆ ನೋಡೋಣ."

ಓಣಿಯ ಮಕ್ಕಳೆಲ್ಲ ಹಿರಿಯರ ಕ್ಷಮೆ ಹೊತ್ತು ಪರೀಕ್ಷೆಗೆ ಹೋದರು, ಪಾಲುಪಿ ಬರಿಗೈಯಲ್ಲಿ ಹೋದಳು. ಸೂಚಕಗಳ ಪ್ರಶ್ನೆ ಬಂದೇ ಬಂತು. ಅರಿಶಿನ ಕೆಂಪಾದ ಮಾತ್ರಕ್ಕೆ ಬೊರಾಕ್ಸ್ ಅಂತ ಹೇಳಲು ಬರುವುದಿಲ್ಲ, ಯಾವುದೇ ಪ್ರತ್ಯಾಮ್ಲದಲ್ಲೂ ಅದು ಕೆಂಪಾಗುತ್ತದೆ, ಆದ್ದರಿಂದ ಆಮ್ಲ ಹಾಕಿ ಒಣಗಿಸಿ ನೋಡಬೇಕು ಅಂತ ಕೇಳಿದ್ದಕ್ಕಿಂತ ಹೆಚ್ಚೇ ಬರೆದಳು. ಉತ್ತರ ಅಷ್ಟು ಚೆನ್ನಾಗಿ ಬಂದದ್ದಕ್ಕೇ ಅವಳಿಗೆ ನಾಚಿಕೆ ಆಯಿತು.

ಲಗಿ ಸಂತೆಯ ದಿನ ಬೆಳಗ್ಗೆ ಅಜ್ಜಿ ತನ್ನ ಬುಟ್ಟಿ ಮನೆಯಲ್ಲೇ ಬಿಟ್ಟು, ಪೈನಕ್ಕನ ಬುಟ್ಟಿಯ ಒಂದು ಕಿವಿ ತಾನು ಹಿಡಿದುಕೊಂಡು ನಡೆದಳು. ಸೆಪ್ತಿ ಹೊಸ ವಿಡಿಯೋ ಮಾಡಲು ಮೊಬೈಲ್ ಹಿಡಿದು ಬಂದಿದ್ದಳು, ಈ ಸಲ ಸೊಲ್ಲೆತ್ತದೆ. ಪಾಲುಪಿಯನ್ನು ಬುಟ್ಟಿಯ ಮುಂದೆ ನಿಲ್ಲಿಸಿದರು. ಮೊದಲ ಗಿರಾಕಿ ಒಬ್ಬ ಹೆಂಗಸು, ಬುಟ್ಟಿ ಕಂಡು ಮುಖ ಸಿಂಡರಿಸಿ ಪಕ್ಕಕ್ಕೆ ಹೊರಟಿದ್ದಳು.

"ವಿಡಿಯೋದಲ್ಲಿ ಕೆಂಪಾಗಿದ್ದು ಪೈನಕ್ಕಂದಲ್ಲ," ಅಂದಳು ಪಾಲುಪಿ. "ನಮ್ಮನೇದು. ನಾನು ಸುಳ್ಳು ಹೇಳಿದ್ದೆ."

"ಏನಂದೆ?" ಅಂತ ಆ ಹೆಂಗಸು ತಿರುಗಿದಳು.

"ಜೋರಾಗಿ ಹೇಳೇ," ಅಂದಳು ಪೈನಕ್ಕ ಹಿಂದಿನಿಂದ, ಕರಾಕ್ ಜೋಡಿಸುತ್ತ, ತಲೆ ಎತ್ತದೆ. "ಆ ಕಡೆ ಸಾಲಿಗೂ ಕೇಳ್ಲಿ."